ಗಿಂಡಿಯಲ್ಲಿ ಕಾರ್ಮಿಕನಿಗೆ ತೆರಿಗೆ ಏರಿಕೆ, ರೇಸ್ ಕ್ಲಬ್‌ಗೆ 614 ರೂ. ಬಾಡಿಗೆ: ಬಡವರ ಪರ ಯಾರು?

ಚೆನ್ನೈ: ತಮಿಳುನಾಡಿನಲ್ಲಿ ಬಡವರ ಪಕ್ಷ ಯಾವುದು ಎಂದು ಕೇಳಿದರೆ ಡಿಎಂಕೆ, ಎಐಎಡಿಎಂಕೆ ಎರಡೂ ಕೈ ಎತ್ತುತ್ತವೆ. ಒಬ್ಬರು ಒಂದು ರೂಪಾಯಿ ಇಡ್ಲಿ ತೋರಿಸಿದರೆ, ಇನ್ನೊಬ್ಬರು 2023ರ ಜೂನ್‌ನಲ್ಲಿ ಗಿಂಡಿಯಲ್ಲಿ ಉದ್ಘಾಟನೆಯಾದ ಸಾವಿರ ಹಾಸಿಗೆಗಳ ಕಲೈಞರ್ ಶತಮಾನೋತ್ಸವ ಆಸ್ಪತ್ರೆಯನ್ನು ತೋರಿಸುತ್ತಾರೆ. ಎರಡೂ ಬಡವರಿಗೆ ಉಪಯೋಗವಾಗಿವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕೊಟ್ಟದ್ದರ ಮೇಲೆ ಹೆಸರು ಬರೆಸಿಕೊಳ್ಳುವ ಪಕ್ಷಗಳು ಯಾರಿಂದ ಎಷ್ಟು ವಸೂಲಿ ಮಾಡುತ್ತವೆ ಎಂಬುದರ ಬಗ್ಗೆ ಚರ್ಚೆ ಕಡಿಮೆ. ಆ ಲೆಕ್ಕ ನೋಡಲು ಗಿಂಡಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಫೋಟೊ ನಾಯಕರದ್ದು, ಖರ್ಚು ಪಾಲಿಕೆಯದ್ದು

ಜಯಲಲಿತಾ ಮುಖ್ಯಮಂತ್ರಿಯಾಗಿದ್ದಾಗ 2013ರಲ್ಲಿ ಅಮ್ಮ ಉಣವಗಂ ಶುರುವಾಯಿತು. ಇಡ್ಲಿಗೆ 1 ರೂ., ಸಾಂಬಾರ್ ಅನ್ನಕ್ಕೆ 5 ರೂ., ಮೊಸರನ್ನಕ್ಕೆ 3 ರೂ. ಬೋರ್ಡಿನಲ್ಲಿ ಅಮ್ಮನ ಫೋಟೊ ಇದ್ದರೂ ಕ್ಯಾಂಟೀನ್ ನಡೆಸುವುದು, ನಷ್ಟ ಹೊರುವುದು ಚೆನ್ನೈ ಮಹಾನಗರ ಪಾಲಿಕೆ. 2021ರ ಮೇನಲ್ಲಿ ಫಲಿತಾಂಶ ಬಂದ ಬೆನ್ನಲ್ಲೇ ಮುಗಪ್ಪೇರ್‌ನ ಕ್ಯಾಂಟೀನ್‌ಗೆ ನುಗ್ಗಿದ ಡಿಎಂಕೆ ಕಾರ್ಯಕರ್ತರು ಬೋರ್ಡ್ ಕಿತ್ತೆಸೆದರು. ಸ್ಟಾಲಿನ್ ಅವರ ವಿರುದ್ಧ ಕ್ರಮಕ್ಕೆ ಸೂಚಿಸಿದರು. ಮುಂದೆ 2024ರ ಜುಲೈನಲ್ಲಿ ತಾವೇ ಒಂದು ಅಮ್ಮ ಕ್ಯಾಂಟೀನ್‌ಗೆ ಭೇಟಿ ಕೊಟ್ಟು, ದುರಸ್ತಿ ಮತ್ತು ಹೊಸ ಪಾತ್ರೆಗಳಿಗಾಗಿ 21 ಕೋಟಿ ರೂ. ಘೋಷಿಸಿದರು. ಎದುರಾಳಿಯ ಹೆಸರಿನ ಯೋಜನೆ ಮುಂದುವರಿಯುವುದು ನಮ್ಮ ರಾಜಕೀಯದಲ್ಲಿ ಅಪರೂಪವೇ. ಬೆಂಗಳೂರಿನ ಇಂದಿರಾ ಕ್ಯಾಂಟೀನ್ ಸರ್ಕಾರ ಬದಲಾದ ಮೇಲೆ ಸೊರಗಿದ್ದನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಪಾಲಿಕೆಗೆ ಹಣ ಎಲ್ಲಿಂದ ಬರುತ್ತದೆ? ಅದರ ಸ್ವಂತ ಆದಾಯದಲ್ಲಿ ಮುಖ್ಯವಾದವು ಆಸ್ತಿ ತೆರಿಗೆ ಮತ್ತು ವೃತ್ತಿ ತೆರಿಗೆ.

10 ಸಾವಿರ ಸಂಬಳಕ್ಕೂ ತೆರಿಗೆ

ಕರ್ನಾಟಕದಲ್ಲಿ ವೃತ್ತಿ ತೆರಿಗೆ ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ತಮಿಳುನಾಡಿನಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳು ಆರು ತಿಂಗಳಿಗೊಮ್ಮೆ ಪಡೆಯುತ್ತವೆ. ಚೆನ್ನೈನಲ್ಲಿ ಆರು ತಿಂಗಳ ಆದಾಯ 21 ಸಾವಿರ ರೂ. ದಾಟಿದರೆ ಸಾಕು, ತೆರಿಗೆ ಕಟ್ಟಬೇಕು. ಅಂದರೆ ತಿಂಗಳಿಗೆ ಮೂರೂವರೆ ಸಾವಿರ!

2024ರ ಜುಲೈನಲ್ಲಿ ಪಾಲಿಕೆ ಈ ದರ ಏರಿಸಲು ನಿರ್ಣಯಿಸಿತು. 21 ಸಾವಿರದಿಂದ 30 ಸಾವಿರದವರೆಗಿನ ಹಂತಕ್ಕೆ 135 ರೂ. ಇದ್ದದ್ದು 180 ಆಯಿತು. 45 ಸಾವಿರದಿಂದ 60 ಸಾವಿರದ ಹಂತಕ್ಕೆ 690 ರೂ. ಇದ್ದದ್ದು 930 ಆಯಿತು. ಆದರೆ 75 ಸಾವಿರ ದಾಟಿದವರಿಗೆ ಮೊದಲಿದ್ದ 1,250 ರೂ. ಹಾಗೇ ಉಳಿಯಿತು. ಸಂವಿಧಾನದ 276ನೇ ವಿಧಿಯ ಪ್ರಕಾರ ಯಾರಿಂದಲೂ ವರ್ಷಕ್ಕೆ 2,500 ರೂ.ಗಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯುವಂತಿಲ್ಲ. ಮೇಲಿನವರನ್ನು ಮುಟ್ಟಲು ಕಾನೂನು ಅಡ್ಡ ಬಂತು, ಕೆಳಗಿನವರನ್ನು ಮುಟ್ಟಲು ಬರಲಿಲ್ಲ.

ಗಿಂಡಿಯ ಇಂಡಸ್ಟ್ರಿಯಲ್ ಎಸ್ಟೇಟ್ 1958ರಷ್ಟು ಹಳೆಯದು. ಅಲ್ಲಿನ ಸಣ್ಣ ವರ್ಕ್‌ಶಾಪ್‌ನಲ್ಲಿ ತಿಂಗಳಿಗೆ 10 ಸಾವಿರ ದುಡಿಯುವವನ ಪಾಲಿಗೆ ಇದು ಆರು ತಿಂಗಳಿಗೆ 930 ರೂ. ಪಕ್ಕದ ರಸ್ತೆಯ ಗಾಜಿನ ಕಟ್ಟಡದಲ್ಲಿ ತಿಂಗಳಿಗೆ 3 ಲಕ್ಷ ಎಣಿಸುವವರಿಗೆ 1,250 ರೂ. ಇದೇ ಕಾರ್ಮಿಕ ಬೆಂಗಳೂರಿನ ಪೀಣ್ಯದಲ್ಲಿ ಇದ್ದಿದ್ದರೆ ಒಂದು ಪೈಸೆಯೂ ಕಟ್ಟಬೇಕಿರಲಿಲ್ಲ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ 25 ಸಾವಿರಕ್ಕಿಂತ ಕಡಿಮೆ ಸಂಬಳಕ್ಕೆ ವೃತ್ತಿ ತೆರಿಗೆ ಇಲ್ಲ.

ಆಸ್ತಿ ತೆರಿಗೆಯ ಕಥೆ ಬೇರೆ. 1998ರ ಬಳಿಕ ಚೆನ್ನೈನಲ್ಲಿ ಅದು ಪರಿಷ್ಕರಣೆ ಕಂಡಿರಲಿಲ್ಲ. 2018ರಲ್ಲಿ ಎಐಎಡಿಎಂಕೆ ಸರ್ಕಾರ ಏರಿಸಿತು, ಡಿಎಂಕೆ ಬೀದಿಗಿಳಿಯಿತು. ಸ್ಥಳೀಯ ಚುನಾವಣೆ ಹತ್ತಿರ ಬಂದಾಗ, 2019ರ ನವೆಂಬರ್‌ನಲ್ಲಿ, ಏರಿಕೆ ವಾಪಸಾಯಿತು. 2022ರಲ್ಲಿ ಡಿಎಂಕೆ ಏರಿಸಿತು, ಎಐಎಡಿಎಂಕೆ ಬೀದಿಗಿಳಿಯಿತು. ಪಾತ್ರಗಳು ಬದಲು, ಸಂಭಾಷಣೆ ಅದೇ. ಆದರೂ 2022ರ ಏರಿಕೆಯಲ್ಲಿ ಒಂದು ವಿವೇಕವಿತ್ತು: ಹಳೆಯ ನಗರ ವ್ಯಾಪ್ತಿಯಲ್ಲಿ 600 ಚದರ ಅಡಿವರೆಗಿನ ಮನೆಗೆ ಶೇ. 50, 1,800 ಚದರ ಅಡಿ ಮೀರಿದ ಮನೆಗೆ ಶೇ. 150. ತೆರಿಗೆ ಏರಿಸದೇ ಇರುವುದೇ ಬಡವರ ಸೇವೆ ಎನ್ನುವ ವಾದದಿಂದ ಹೆಚ್ಚು ಉಳಿಸಿದ್ದು ದೊಡ್ಡ ಕಟ್ಟಡದವರೇ.

ರೇಸ್ ಕೋರ್ಸ್ ಎಂಬ ದೊಡ್ಡ ರಿಯಾಯಿತಿ

ಇದೇ ಗಿಂಡಿಯಲ್ಲಿ ಸುಮಾರು 160 ಎಕರೆ ಸರ್ಕಾರಿ ಜಮೀನು 1945ರಿಂದ 99 ವರ್ಷಕ್ಕೆ ಮದ್ರಾಸ್ ರೇಸ್ ಕ್ಲಬ್‌ಗೆ ಗುತ್ತಿಗೆಯಾಗಿತ್ತು. ವರ್ಷದ ಬಾಡಿಗೆ 614 ರೂ. 13 ಪೈಸೆ. 1970ರಿಂದ 2004ರವರೆಗಿನ ಪರಿಷ್ಕೃತ ಬಾಡಿಗೆಯ ಬಾಕಿಯೇ 730 ಕೋಟಿ ರೂ. ಮೀರಿದ್ದು, ಅದನ್ನು ಕಟ್ಟುವಂತೆ ಮದ್ರಾಸ್ ಹೈಕೋರ್ಟ್‌ನ ಏಕಸದಸ್ಯ ಪೀಠ 2023ರ ಮಾರ್ಚ್‌ನಲ್ಲಿ ಆದೇಶಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಗುತ್ತಿಗೆ ರದ್ದು ಮಾಡಿ ಜಾಗ ವಶಕ್ಕೆ ಪಡೆಯಿತು. ಕ್ಲಬ್ ಮತ್ತೆ ಕೋರ್ಟ್ ಮೆಟ್ಟಿಲೇರಿತು. ಡಿಎಂಕೆಗೆ ಈ ಕ್ರಮದ ಶ್ರೇಯ ಸಲ್ಲಲಿ. ಆದರೆ ಬಾಕಿ ಬೆಳೆದ ಆ ದಶಕಗಳುದ್ದಕ್ಕೂ ಆಡಳಿತ ನಡೆಸಿದ್ದು ಇವೇ ಎರಡು ಪಕ್ಷಗಳು. ಕಾರ್ಮಿಕನ ತೆರಿಗೆಯನ್ನು ಮಾತ್ರ ಸಂಬಳ ಕೈಸೇರುವ ಮೊದಲೇ ಮುರಿದುಕೊಳ್ಳಲಾಗುತ್ತದೆ.

2,500 ರೂ.ಗಳ ಮಿತಿಯನ್ನು ಸಂಸತ್ತು 1988ರಲ್ಲಿ ನಿಗದಿ ಮಾಡಿತ್ತು. ಅದನ್ನು 18 ಸಾವಿರಕ್ಕೆ ಏರಿಸಬೇಕೆಂದು 15ನೇ ಹಣಕಾಸು ಆಯೋಗ ಶಿಫಾರಸು ಮಾಡಿದೆ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ತನ್ನ ವಾರ್ಷಿಕ ವೃತ್ತಿ ತೆರಿಗೆಯನ್ನು 2,400ರಿಂದ ಹೆಚ್ಚಿಸಿದಾಗಲೂ 2,500ಕ್ಕೇ ನಿಲ್ಲಬೇಕಾಯಿತು.