ನಡೆದು ಓದಬೇಕಾದ ಕಥೆ

ಮಳವಳ್ಳಿ ತಾಲ್ಲೂಕಿನ ಬ್ಲಫ್‌ಗೆ ಶಾಲಾ ಪ್ರವಾಸದ ಬಸ್ಸುಗಳು ಬರುವುದು ಹೊಸತೇನಲ್ಲ. ಹೊಲಗದ್ದೆಗಳ ನಡುವೆ ಸಾಗಿ ಬಂದವರಿಗೆ ಮೊದಲು ಕೇಳಿಸುವುದು ನೀರಿನ ಮೊರೆತ. ಬಳಿಕ ನೆಲವೇ ಕಡಿದು ಬಿದ್ದಂತೆ ಕಣಿವೆ ತೆರೆದುಕೊಳ್ಳುತ್ತದೆ. ಅದರ ತಳದಲ್ಲಿ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿದ ಶಿವನಸಮುದ್ರದ ವಿದ್ಯುದಾಗಾರ. ಮೊದಲು ಕೇಳಿಸಿ, ಕಾಯಿಸಿ, ಅನಂತರ ಕಾಣಿಸುವ ಈ ಕ್ರಮ ಇಲ್ಲಿ ಪ್ರಕೃತಿದತ್ತವಾದುದು. ಅದನ್ನೇ ಬುದ್ಧಿಪೂರ್ವಕವಾಗಿ ಕಲ್ಲಿನಲ್ಲಿ ಸಾಧಿಸಿದ ಸ್ಥಳವೊಂದು ಅದೇ ಪ್ರವಾಸದ ಪಟ್ಟಿಯಲ್ಲಿ ಸೇರುವುದುಂಟು: ಸೋಮನಾಥಪುರ.

ಇಂದಿನ ಬಾಲಕರು ಕಂಪ್ಯೂಟರ್ ಆಟಗಳಲ್ಲಿ ಮುಳುಗಿ ಹೋದರೆಂದು ಹಿರಿಯರು ಮರುಗುತ್ತಾರೆ. ಮರುಕಕ್ಕೆ ಕಾರಣವಿಲ್ಲದೆಯೂ ಇಲ್ಲ. ಆದರೆ ಆ ಆಟಗಳಲ್ಲಿ ಉತ್ತಮವಾದವು ಕಥೆಯನ್ನು ಮಾತಿನಿಂದ ಹೇಳುವುದಿಲ್ಲವೆಂಬುದನ್ನು ಗಮನಿಸಬೇಕು. ಇಕ್ಕಟ್ಟಾದ ಓಣಿ, ದೂರದಲ್ಲಿ ಒಂದು ದೀಪ, ಅರೆ ತೆರೆದ ಕದ, ಮುರಿದು ಬಿದ್ದ ಬಂಡಿ: ಆಡುವವನು ತಾನೇ ನಡೆದು, ತಿರುವು ತಿರುವಿನಲ್ಲಿ ನಡೆದುದನ್ನು ಊಹಿಸಿಕೊಳ್ಳುತ್ತಾನೆ. ಈ ಜಾಣ್ಮೆ ನಿನ್ನೆ ಮೊನ್ನೆ ಹುಟ್ಟಿದುದೆಂದು ಆ ಬಾಲಕನು ಭಾವಿಸಿದರೆ ತಪ್ಪು ಅವನದಲ್ಲ, ತೋರಿಸದವರದು.

ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಕೇಶವ ದೇವಾಲಯವದು. ಬೇಲೂರು, ಹಳೇಬೀಡುಗಳೊಡನೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಕ್ಷತ್ರಾಕಾರದ ಜಗತಿಯೇ ಅದರ ಪ್ರದಕ್ಷಿಣ ಪಥ. ಗೋಡೆಯ ಬುಡದ ಪಟ್ಟಿಕೆಯಲ್ಲಿ ಆನೆಗಳು ಸಾಲುಗೊಂಡಿವೆ. ಅವು ಬಹುಮಟ್ಟಿಗೆ ನಡೆಯುವುದು ಪ್ರದಕ್ಷಿಣೆಯ ದಿಕ್ಕಿಗೇ. ದಾರಿ ತೋರಲು ಬೇರೆ ಫಲಕ ಬೇಕೆ? ಕುದುರೆ, ಬಳ್ಳಿಗಳ ಸಾಲುಗಳ ಮೇಲೆ, ನಾಲ್ಕನೆಯ ಪಟ್ಟಿಕೆಯಲ್ಲಿ ಕಥೆ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಹಿಂಬದಿಯಲ್ಲಿ ಕೃಷ್ಣಚರಿತೆ, ಉತ್ತರದಲ್ಲಿ ಮಹಾಭಾರತ. ಗೋಡೆಯ ಕೋನಗಳು ಮುಂದಿನ ದೃಶ್ಯವನ್ನು ಮರೆಮಾಡುತ್ತವೆ. ಹೆಜ್ಜೆ ಹಾಕಿದವನಿಗಷ್ಟೇ ಅದು ದಕ್ಕುತ್ತದೆ. ಸ್ಥಾವರವಾದ ಕಲ್ಲಿನ ಕಥೆ ನಡೆಯುವವನ ಕಾಲಿನಿಂದ ಜಂಗಮವಾಗುತ್ತದೆಯೆಂದರೆ ಈ ಸಂಪುಟದ ವಾಚಕರು ಮುನಿಯಲಾರರು.

ಇಲ್ಲೊಂದು ಸೂಕ್ಷ್ಮವಿದೆ. ದೇವಾಲಯವನ್ನು ಬಲಕ್ಕಿಟ್ಟುಕೊಂಡು ನಡೆಯುವವನು ಗೋಡೆಗೆ ಮುಖ ಮಾಡಿದಾಗ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ. ಪುಸ್ತಕದ ಅಭ್ಯಾಸದಿಂದ ಎಡದಿಂದ ಓದಿದ ವಿದ್ಯಾರ್ಥಿಗೆ ರಾಮಾಯಣವೇ ತಿರುಗುಮುರುಗು. ಈ ನಿಯಮಕ್ಕೂ ಅಪವಾದವುಂಟು: ತರೀಕೆರೆಯ ಬಳಿಯ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇವಾಲಯದ ದಕ್ಷಿಣ ಗೋಡೆಯ ರಾಮಾಯಣವು ಅಪ್ರದಕ್ಷಿಣವಾಗಿ ಸಾಗುತ್ತದೆ. ಶಿಲ್ಪಿಗಳ ಮನಸ್ಸಿನಲ್ಲಿ ಏನಿದ್ದಿತೋ! ವಿದ್ಯಾರ್ಥಿಗಳು ಚರ್ಚಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ದೊರೆಯದು.

ಆದರೆ ಈಗ ನಡೆಯುವುದೇನು? ಜಲಪಾತದ ಮುಂದೆ ಅರ್ಧ ದಿನ. ದೇವಾಲಯಕ್ಕೆ ಬರುವಾಗ ಮಧ್ಯಾಹ್ನ. ಕಾಯ್ದ ಕಲ್ಲಿನ ಮೇಲೆ ಬರಿಗಾಲಿನ ಮಕ್ಕಳು ನೆರಳಿದ್ದ ಕಡೆಗೆ ಓಡುತ್ತಾರೆ. ಅಧ್ಯಾಪಕರು ಬಾಗಿಲಲ್ಲಿ ನಿಂತು ಇಸವಿಯನ್ನು ಬರೆಯಿಸುತ್ತಾರೆ. ಗುಂಪಿನ ಭಾವಚಿತ್ರದೊಡನೆ ಎಲ್ಲವೂ ಮುಗಿಯುತ್ತದೆ. ಬಸ್ಸಿನ ವೆಚ್ಚವನ್ನು ವಹಿಸಿದ ದಾನಿಗಳಿಗೂ ಇದು ನ್ಯಾಯವಲ್ಲ.

ಮಾಡಬೇಕಾದುದು ಹೆಚ್ಚೇನೂ ಇಲ್ಲ. ಪ್ರವಾಸದ ಕ್ರಮವನ್ನು ತಿರುವಿದರಾಯಿತು. ಕಲ್ಲು ಕಾಯುವ ಮೊದಲೇ ಸೋಮನಾಥಪುರ. ಹತ್ತು ಹತ್ತು ಮಕ್ಕಳ ತಂಡ, ದಕ್ಷಿಣದ ಮೂಲೆಯಿಂದ ಆರಂಭ. ಮೊದಲ ಸುತ್ತಿನಲ್ಲಿ ಅಧ್ಯಾಪಕರು ಮೌನ ವಹಿಸಲಿ, ಕಂಡುದನ್ನು ಮಕ್ಕಳೇ ಹೇಳಲಿ. ಎರಡನೆಯ ಸುತ್ತಿನಲ್ಲಿ ತಿದ್ದಿದರೆ ಸಾಕು. ಬುತ್ತಿಯ ಗಂಟನ್ನು ಬ್ಲಫ್‌ನಲ್ಲಿ ಬಿಚ್ಚಬಹುದು. ಅಲ್ಲಿನ ಮೊರೆತ ಮಧ್ಯಾಹ್ನಕ್ಕೂ ಹಾಗೆಯೇ ಇರುತ್ತದೆ.