ಕರ್ಕಾಟಕದ ಐದು ಗ್ರಹಗಳು

ಸದ್ಭಕ್ತ ದಂಪತಿಗಳೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಕರ್ಕಾಟಕ ರಾಶಿಯಲ್ಲಿ ನಮ್ಮ ಸೂರ್ಯನನ್ನು ಹೋಲುವ ಮತ್ತೊಬ್ಬ ಸೂರ್ಯನಿರುವನೆಂದೂ ಅವನನ್ನು ಐದು ಗ್ರಹಗಳು ಸುತ್ತುತ್ತಿರುವುವೆಂದೂ ಅವರು ಓದಿದ್ದಾರೆ. ಅವರ ಮಗಳು ಪುಷ್ಯ ನಕ್ಷತ್ರದವಳು. ಮದುವೆಯ ಮಾತುಕತೆ ನಡೆದಿದೆ. ಈ ಐದು ಗ್ರಹಗಳ ಬಲಾಬಲವನ್ನೂ ನೋಡಬೇಕಲ್ಲವೆ ಎಂದು ಬೀಗರ ಕಡೆಯ ಹಿರಿಯರೊಬ್ಬರು ಕೇಳಿದರಂತೆ.

ಬೇಕಿಲ್ಲವೆಂದು ನಾವು ಮೊದಲಿಗೇ ಹೇಳಿಬಿಡುತ್ತೇವೆ. ಪಂಚಾಂಗದ ನವಗ್ರಹಗಳಲ್ಲಿ ಸೂರ್ಯಚಂದ್ರರೂ ಸೇರಿದ್ದಾರೆ, ರಾಹುಕೇತುಗಳೂ ಸೇರಿದ್ದಾರೆ. ಖಗೋಳಶಾಸ್ತ್ರಜ್ಞರು ಗ್ರಹವೆನ್ನುವುದು ಒಂದು ನಕ್ಷತ್ರವನ್ನು ಸುತ್ತುವ ಕಾಯಕ್ಕೆ. ಶಬ್ದ ಒಂದೇ ಆದರೂ ಅರ್ಥ ಬೇರೆ. ನಮ್ಮ ಗುರುಗ್ರಹವು ನಮ್ಮ ಸೂರ್ಯನ ಮನೆಯದಾಗಿರುವಂತೆ ಆ ಐದು ಗ್ರಹಗಳು ಆ ನಕ್ಷತ್ರದ ಮನೆಯವು. ಆ ಮನೆ ನಮ್ಮಿಂದ ಸುಮಾರು 41 ಜ್ಯೋತಿರ್ವರ್ಷ, ಎಂದರೆ 390 ಲಕ್ಷ ಕೋಟಿ ಕಿಲೋಮೀಟರುಗಳಷ್ಟು ದೂರದಲ್ಲಿದೆ. ಅಲ್ಲಿಂದ ಇಂದು ಹೊರಟ ಬೆಳಕು ನಮ್ಮನ್ನು ಮುಟ್ಟುವ ವೇಳೆಗೆ ಇಂದಿನ ವಧು ಮೊಮ್ಮಕ್ಕಳನ್ನು ಆಡಿಸುತ್ತಿರುತ್ತಾಳೆ. ಇನ್ನೂ ಒಂದು ಮಾತು. 1996ಕ್ಕೆ ಮುಂಚೆ ಈ ಗ್ರಹಗಳ ಸುಳಿವೇ ಯಾರಿಗೂ ಇರಲಿಲ್ಲ. ಆಗಲೂ ಅವು ಸುತ್ತುತ್ತಲೇ ಇದ್ದುವು. ನಮ್ಮ ಅಜ್ಜಅಜ್ಜಿಯರ ವಿವಾಹಗಳೂ ನಡೆದುವು, ಸಂಸಾರಗಳೂ ಬೆಳೆದುವು. ತಿಥಿವಾರಗಳ ಅಂಜಿಕೆಯನ್ನೇ ಕಿತ್ತೊಗೆದ ಶರಣರ ಮಕ್ಕಳು ನಾವು. ಕಾಣದ ಗ್ರಹವನ್ನು ಮದುವೆಯ ಹಂದರದೊಳಗೆ ಕರೆತಂದು ಕೂರಿಸುವುದು ಬೇಡ.

ಆದರೆ ಆ ಗ್ರಹಗಳ ಕಥೆ ತಿಳಿಯತಕ್ಕದ್ದೇ ಆಗಿದೆ. ನಕ್ಷತ್ರಪಟ್ಟಿಗಳಲ್ಲಿ ಇದರ ಹೆಸರು 55 ಕ್ಯಾನ್‌ಕ್ರಿ. ಇದು ನಮ್ಮ ಸೂರ್ಯನಿಗಿಂತ ತುಸು ಚಿಕ್ಕದು, ತುಸು ತಂಪು. ಇದರ ಪ್ರಭೆಯಲ್ಲಿ ಗ್ರಹಗಳು ಮುಳುಗಿಹೋಗುವುದರಿಂದ ಅವುಗಳನ್ನು ನೇರವಾಗಿ ಕಂಡವರಿಲ್ಲ. ಹಾಗಾದರೆ ತಿಳಿದುದು ಹೇಗೆ? ತಾಯಿ ಮಗುವಿನ ಕೈಹಿಡಿದು ಗಿರಗಿರನೆ ತಿರುಗಿಸುವಾಗ ತಾನೂ ತುಸು ಹಿಂದಕ್ಕೆ ವಾಲಿ ತಿರುಗುತ್ತಾಳೆ. ಮಗು ಕಾಣದಿದ್ದರೂ ತಾಯಿಯ ವಾಲುವಿಕೆಯಿಂದ ಅದರ ಇರವನ್ನು ಊಹಿಸಬಹುದು. ಹಾಗೆಯೇ ಗ್ರಹ ಸುತ್ತುವಾಗ ನಕ್ಷತ್ರವೂ ಓಲಾಡುತ್ತದೆ. ಅದು ನಮ್ಮತ್ತ ಬರುವಾಗ ಅದರ ಬೆಳಕು ಕೂದಲೆಳೆಯಷ್ಟು ನೀಲಿಯ ಕಡೆಗೂ ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಿಕ್ ವೀಕ್ಷಣಾಲಯದಿಂದ ಮಾರ್ಸಿ ಮತ್ತು ಬಟ್ಲರ್ ಎಂಬ ವಿಜ್ಞಾನಿಗಳು ಈ ನಕ್ಷತ್ರವು ಸೆಕೆಂಡಿಗೆ ಸುಮಾರು 70 ಮೀಟರಿನಂತೆ ಓಲಾಡುವುದನ್ನು ಅಳೆದು, ಹದಿನಾಲ್ಕೂವರೆ ದಿನಕ್ಕೊಮ್ಮೆ ಸುತ್ತುವ ಮೊದಲ ಗ್ರಹವನ್ನು 1996ರಲ್ಲಿ ಸಾರಿದರು. 2002ರಲ್ಲಿ ಎರಡು, 2004ರಲ್ಲಿ ಒಂದು, 2007ರಲ್ಲಿ ಐದನೆಯದು ದೊರೆತುವು. ಆ ಐದನೆಯದನ್ನು ಹಿಡಿಯಲು 18 ವರ್ಷಗಳ ಅಳತೆಗಳು ಬೇಕಾದುವು. ಅತಿ ಹೊರಗಿನ ಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 14 ವರ್ಷ ಹಿಡಿಯುತ್ತದೆ. ಅದರ ಒಂದು ಸುತ್ತು ಕಾಣಬೇಕಾದರೆ ವಿದ್ವಾಂಸನೊಬ್ಬನ ಅರ್ಧ ವೃತ್ತಿಜೀವನವೇ ಕಳೆದುಹೋಗುತ್ತದೆ!

ಅತಿ ಒಳಗಿನ ಗ್ರಹದ ವೃತ್ತಾಂತ ನಮಗೆ ಎಲ್ಲಕ್ಕಿಂತ ಹಿಡಿಸಿದೆ. 2004ರಲ್ಲಿ ದೊರೆತಾಗ ಅದು 2.8 ದಿನಕ್ಕೊಮ್ಮೆ ಸುತ್ತುವುದೆಂದು ಲೆಕ್ಕ ಹಾಕಲಾಯಿತು. ಆರು ವರ್ಷ ಎಲ್ಲರೂ ಅದನ್ನೇ ನಂಬಿದರು. 2010ರಲ್ಲಿ ಡಾಸನ್ ಮತ್ತು ಫ್ಯಾಬ್ರಿಕಿ ಎಂಬ ಇಬ್ಬರು ಹಳೆಯ ಅಳತೆಗಳನ್ನೇ ಮತ್ತೆ ಬಿಚ್ಚಿ ನೋಡಿ, ಅದು ಹದಿನೆಂಟು ಗಂಟೆಗೂ ಕಡಿಮೆ ಕಾಲದಲ್ಲಿ ಸುತ್ತುವುದೆಂದು ತೋರಿಸಿದರು. ತಪ್ಪು ನುಸುಳಿದ್ದು ಹೀಗೆ: ಒಬ್ಬಾತ ಹಗಲಿರುಳು ಬೆಟ್ಟವನ್ನು ಸುತ್ತುತ್ತಿದ್ದಾನೆಂದು ಭಾವಿಸಿರಿ. ನಾವು ದಿನಕ್ಕೊಮ್ಮೆ, ಸಂಜೆ ಮಾತ್ರ ನೋಡುತ್ತೇವೆ. ಆತ ಒಂದು ದಿನದಲ್ಲಿ ಒಂದು ಸುತ್ತನ್ನು ಮುಗಿಸಿ ಮೇಲೆ ಮೂರನೆಯ ಒಂದು ಪಾಲು ಹೆಚ್ಚು ನಡೆದಿದ್ದರೂ ನಮ್ಮ ಕಣ್ಣಿಗೆ ಬೀಳುವುದು ಆ ಮೂರನೆಯ ಒಂದು ಪಾಲು ಮಾತ್ರ. ಸುತ್ತಿಗೆ ಮೂರು ದಿನ ಬೇಕೆಂದು ನಾವು ತೀರ್ಮಾನಿಸುತ್ತೇವೆ. ದೂರದರ್ಶಕಗಳು ಕೆಲಸ ಮಾಡುವುದು ರಾತ್ರಿಯಲ್ಲಿ ಮಾತ್ರವೆಂಬುದನ್ನು ಮರೆತುದರ ಫಲವಿದು. 2011ರಲ್ಲಿ ಆಕಾಶದಲ್ಲಿನ ದೂರದರ್ಶಕಗಳು ಆ ಗ್ರಹ ನಕ್ಷತ್ರದ ಮುಖದೆದುರು ಹಾದುಹೋಗುವುದನ್ನು ಸರಿಯಾಗಿ ಹೊಸ ಲೆಕ್ಕದಂತೆಯೇ ಕಂಡುವು.

ಭೂಮಿಯ ಎಂಟು ಪಟ್ಟು ತೂಕದ ಆ ಗ್ರಹ ತನ್ನ ಸೂರ್ಯನಿಂದ ಬರಿಯ 23 ಲಕ್ಷ ಕಿಲೋಮೀಟರು ದೂರದಲ್ಲಿದೆ. ನಾವಿರುವುದು ನಮ್ಮ ಸೂರ್ಯನಿಂದ 15 ಕೋಟಿ ಕಿಲೋಮೀಟರು ದೂರದಲ್ಲಿ. ಅಲ್ಲಿ ಕಲ್ಲೂ ಕರಗುತ್ತದೆ. 2012ರಲ್ಲಿ ಭಾರತೀಯ ಮೂಲದ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಆ ಗ್ರಹದ ಒಡಲಿನಲ್ಲಿ ವಜ್ರವಿರಬಹುದೆಂದು ಊಹಿಸಿದರು. ಪತ್ರಿಕೆಗಳು ‘ಇರಬಹುದು’ ಎಂಬುದನ್ನು ಕೈಬಿಟ್ಟು ವಜ್ರದ ಗ್ರಹವೆಂದೇ ಮುದ್ರಿಸಿದುವು. ಮರುವರ್ಷವೇ ಆ ನಕ್ಷತ್ರದಲ್ಲಿ ಇಂಗಾಲದ ಪ್ರಮಾಣ ಎಣಿಸಿದಷ್ಟಿಲ್ಲವೆಂದು ಬೇರೆಯವರು ಅಳೆದು ತೋರಿಸಲಾಗಿ ಊಹೆ ಸಡಿಲವಾಯಿತು. ಆ ಸುದ್ದಿಯನ್ನು ಮಾತ್ರ ದೊಡ್ಡಕ್ಷರದಲ್ಲಿ ಹಾಕಿದವರು ವಿರಳ. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಅದರ ಸುತ್ತ ಇಂಗಾಲದ ಅನಿಲಗಳ ಹೊದಿಕೆಯಿರಬಹುದೆಂಬ ಸೂಚನೆಗಳನ್ನು ನೀಡಿತು. ಇಲ್ಲಿಯೂ ‘ಇರಬಹುದು’ ಎಂಬ ಪದವನ್ನು ಓದುಗರು ಬಿಡದೆ ಓದಬೇಕೆಂದು ಕೋರುತ್ತೇವೆ.

260 ದಿನಕ್ಕೊಮ್ಮೆ ಸುತ್ತುವ ಗ್ರಹವು ನೀರು ದ್ರವವಾಗಿ ನಿಲ್ಲಬಲ್ಲ ವಲಯದಲ್ಲಿದೆ. ಆದರೆ ಅದರ ತೂಕ ಭೂಮಿಯ ನಲವತ್ತು ಪಟ್ಟಿಗೂ ಮೇಲಾದುದರಿಂದ ಕಾಲೂರಲು ನೆಲವಿದ್ದೀತೆಂಬ ಭರವಸೆಯಿಲ್ಲ.

2015ರಲ್ಲಿ ಅಂತಾರಾಷ್ಟ್ರೀಯ ಖಗೋಳ ಸಂಘವು ಈ ನಕ್ಷತ್ರಕ್ಕೆ ಕೋಪರ್ನಿಕಸ್ ಎಂದೂ ಗ್ರಹಗಳಿಗೆ ಒಳಗಿನಿಂದ ಹೊರಕ್ಕೆ ಜಾನ್ಸೆನ್, ಗೆಲಿಲಿಯೋ, ಬ್ರಾಹೆ, ಹ್ಯಾರಿಯಟ್, ಲಿಪ್ಪರ್‌ಹೇ ಎಂದೂ ಹೆಸರಿಟ್ಟಿತು. ನೋಡಬಯಸುವವರು ಯುಗಾದಿಯ ಆಸುಪಾಸಿನಲ್ಲಿ, ಚಂದ್ರನಿಲ್ಲದ ದಿನ, ರಾತ್ರಿ ಒಂಬತ್ತರ ಸುಮಾರಿಗೆ ನೆತ್ತಿಯ ಮೇಲೆ ದೃಷ್ಟಿಯಿಡಬೇಕು. ಪುನರ್ವಸುವಿನ ಜೋಡಿ ನಕ್ಷತ್ರಗಳಿಗೂ ಮಖೆಗೂ ನಡುವೆ ಪುಷ್ಯವು ಮಸುಕಾಗಿ ತೋರುತ್ತದೆ; ಅಲ್ಲಿಂದ ತುಸು ಉತ್ತರಕ್ಕೆ ಈ ನಕ್ಷತ್ರವಿದೆ. ಹಳ್ಳಿಯ ಕತ್ತಲೆಯಲ್ಲಿ ಎಳೆಯ ಕಣ್ಣುಗಳಿಗೆ ಅದು ಅರೆಬರೆಯಾಗಿ ಕಂಡೀತು. ಪಟ್ಟಣದವರು ದುರ್ಬೀನನ್ನು ಕಡ ತರುವುದು ಲೇಸು.