ಗುಂಡಿ ತೋಡುವ ಮುನ್ನ ಮಳೆಗಾಲದ ಮಡ್ಡಿ ನೋಡಿ

ಕಲಬುರಗಿ ಜಿಲ್ಲೆಯ ಕಾಡೆಂದರೆ ಬಹುಪಾಲು ಚಿಂಚೋಳಿಯದು. 2011ರಲ್ಲಿ ಅದು ವನ್ಯಜೀವಿಧಾಮವೂ ಆಯಿತು. ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಇರುವುದು ಎರೆ ಹೊಲ, ಭೀಮಾ ದಂಡೆ, ನಡುನಡುವೆ ಕಲ್ಲುಮಡ್ಡಿ. ದೇಶದ ಮೂರನೇ ಒಂದು ಭಾಗದಲ್ಲಿ ಗಿಡಮರ ಇರಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಗುರಿಯಿಟ್ಟಿತು. ಆ ಅಳತೆಗೋಲು ಹಿಡಿದರೆ ಈ ಮೂರು ತಾಲ್ಲೂಕುಗಳು ಯಾವಾಗಲೂ ಕೊರತೆಯಲ್ಲೇ ಕಾಣುತ್ತವೆ. ಕೊರತೆ ತುಂಬಲು ಜಾಗ ಹುಡುಕುವವರಿಗೆ ಉಳುಮೆಯಿಲ್ಲದ ಮಡ್ಡಿ, ಗಾಯರಾಣಗಳೇ ಮೊದಲು ಸಿಗುತ್ತವೆ. ಸಸಿ ನೆಡುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಈ ಭಾಗದಲ್ಲಿ ಕಾಡುಸಸ್ಯಗಳು ಉಳಿದಿರುವುದೇ ನೇಗಿಲು ಮುಟ್ಟದ ಆ ತುಂಡು ನೆಲಗಳಲ್ಲಿ. ಅಲ್ಲೇ ನೆಡುತೋಪು ಎಬ್ಬಿಸಿದರೆ ಮರಗಳ ಎಣಿಕೆ ಏರುತ್ತದೆ, ಸಸ್ಯಗಳ ಬಗೆ ಇಳಿಯುತ್ತದೆ.

ಮಡ್ಡಿ ಬರಡೆಂಬ ತೀರ್ಮಾನ ಹುಟ್ಟುವುದು ಬೇಸಿಗೆಯಲ್ಲಿ. ಗುಂಡಿ ತೋಡುವುದು, ಜಾಗ ಗುರುತಿಸುವುದು ಮಳೆಗೆ ಮುಂಚೆ. ಆಗ ಕಣ್ಣಿಗೆ ಬೀಳುವುದು ಕಲ್ಲು, ಒಣ ಕರಡ, ಅಲ್ಲೊಂದು ಇಲ್ಲೊಂದು ಬಾರಿಕಂಟಿ, ತಂಗಡಿ. ಅಲ್ಲಿನ ಬಾಳೆಲ್ಲ ಆ ಹೊತ್ತಿನಲ್ಲಿ ಮಣ್ಣಿನೊಳಗೆ ಬೇರು, ಗಡ್ಡೆ, ಬೀಜವಾಗಿ ಕೂತಿರುತ್ತದೆ. ನಾಲ್ಕು ಹದ ಮಳೆ ಬಿದ್ದರೆ ಹುಲ್ಲಿನ ಬುಡಗಳು ಚಿಗುರುತ್ತವೆ, ಬುಡದಿಂದ ಬುಡಕ್ಕೆ ಇರುವ ಗೇಣಗಲದ ಸಂದಿನಲ್ಲಿ ಒಂದೇ ಹಂಗಾಮು ಬದುಕುವ ಸಣ್ಣ ಹೂಗಿಡಗಳು ಏಳುತ್ತವೆ. ಇವಕ್ಕೆಲ್ಲ ನೆತ್ತಿಯ ಮೇಲಿನ ಬಿಸಿಲು ಬೇಕು. ನೀಲಗಿರಿಯನ್ನೋ ಅಕೇಶಿಯಾವನ್ನೋ ಒತ್ತಾಗಿ ಹಚ್ಚಿದರೆ ನೆರಳು ಕವಿಯುತ್ತದೆ, ಉದುರಿದ ಎಲೆ ದಪ್ಪನಾಗಿ ಹಾಸುತ್ತದೆ, ಮಣ್ಣಿನ ಅಲ್ಪ ತೇವವನ್ನು ಆಳದ ಬೇರುಗಳು ಹೀರುತ್ತವೆ. ಒಣನಾಡನ್ನು ಹಸಿರು ಮಾಡಲೆಂದು ಅಮೆರಿಕ ಖಂಡದಿಂದ ತಂದ ಬಳ್ಳಾರಿಜಾಲಿ ಹಳ್ಳದ ದಂಡೆಗಳನ್ನು ಹೇಗೆ ನುಂಗಿತೆಂಬುದು ಇಲ್ಲಿನ ರೈತರಿಗೆ ಗೊತ್ತು.

ನೆಡುತೋಪಿನಿಂದ ಲಾಭವೇ ಇಲ್ಲವೇ? ಇದೆ, ನೆಲ ನೋಡಿ ನೆಟ್ಟರೆ. ಸಂಶೋಧಕರಾದ ಬ್ರೆಮರ್ ಮತ್ತು ಫಾರ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಇದನ್ನೇ ಹೇಳಿದರು: ಹಾಳಾದ ನೆಲದಲ್ಲಿ, ಅದರಲ್ಲೂ ನಾಡಮರಗಳನ್ನು ಬೆಳೆಸಿದಾಗ ತೋಪು ಜೀವವೈವಿಧ್ಯಕ್ಕೆ ನೆರವಾಗುತ್ತದೆ, ಸಹಜ ಹುಲ್ಲುಗಾವಲು, ಕುರುಚಲನ್ನು ತೆಗೆದು ಬೆಳೆಸಿದರೆ ಇಲ್ಲ. ಕಲ್ಲುಗಣಿಯ ಪಕ್ಕ, ಕೆರೆ ಏರಿ, ರಸ್ತೆ ಬದಿ, ಹೊಲದ ಬದುಗಳಲ್ಲಿ ಬೇವು, ಹೊಂಗೆ, ಕರಿಜಾಲಿ ಬೆಳೆಯಲಿ. ಈ ಬಿಸಿಲಿನ ಸೀಮೆಗೆ ನೆರಳೂ ಬೇಕು, ಸೌದೆಯೂ ಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಸಸಿ ನೆಟ್ಟು ಬೇಲಿ ಹಾಕದಿದ್ದರೆ ಗಾಯರಾಣ ಒತ್ತುವರಿಯಾಗುತ್ತದೆ, ಇಲ್ಲವೇ ದನ ಕುರಿ ಮೇದು ಬೋಳಾಗುತ್ತದೆ. ಈ ಭಯ ನಿಜ. ಆದರೆ ಒತ್ತುವರಿ ತಡೆಯುವುದು ಬೇಲಿ, ಮೇವಿಗೆ ಬಿಡುವು ಕೊಡುವುದು ಊರಿನ ಒಪ್ಪಂದ. ಎರಡಕ್ಕೂ ಗುಂಡಿ ತೋಡಬೇಕಿಲ್ಲ. ಆಳಂದದ ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ನಾನಜ್‌ನಲ್ಲಿ ಎರ್ಲಡ್ಡು ಹಕ್ಕಿಗಾಗಿ 1979ರಲ್ಲಿ ಧಾಮ ಘೋಷಿಸಿ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಕಾಯಬಹುದೆಂದು ಒಪ್ಪಿಕೊಳ್ಳಲಾಯಿತು. ಅದೇ ಕಪ್ಪುಶಿಲೆಯ ಬಯಲು ನಮ್ಮ ಕಡೆಗೂ ಹಬ್ಬಿದೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಸಸ್ಯಗಳ ದಾಖಲೆ ಇಡಬೇಕು. ಕುರಿಗಾರರನ್ನೂ ನಾಟಿ ವೈದ್ಯರನ್ನೂ ಕರೆದುಕೊಂಡು ಸಮಿತಿಯವರು ಆಗಸ್ಟ್, ಸೆಪ್ಟೆಂಬರಿನಲ್ಲಿ ಒಮ್ಮೆ ಮಡ್ಡಿ ಸುತ್ತಲಿ. ಆ ಪಟ್ಟಿ ಕೈಗೆ ಬರುವವರೆಗೆ ಅರಣ್ಯ ಇಲಾಖೆ ಅಲ್ಲಿಗೆ ಸಸಿ ಮಂಜೂರು ಮಾಡಬಾರದು.